ಫ್ರಿಡೊಲಿನನ ಕಡೆಯ ಕಲ್ಲು

"ದಾರಿ ಬಿಡು ಗೆಬ್ಹಾರ್ಡ್. ಬಿಡ್ತೀಯೋ ಇಲ್ವೋ?"

"ಇವತ್ತು ಬೇಡ ಅಂದೆನಲ್ಲ ಬುರ್ಗಿ. ಮೇಲೆ ಅಟ್ಟಣಿಗೆ ಕಟ್ಟಿದಾರೆ. ಹಲಗೆ ಸಡಿಲ ಇದೆ."

"ನಿನ್ನ ಹಲಗೆ ಯಾವತ್ತು ಬಿಗಿ ಇತ್ತು? ಇಪ್ಪತ್ತೆರಡು ವರ್ಷದಿಂದ ಹತ್ತಿದೀನಿ. ಮಂಡಿ ಬಾತಾಗ ಹತ್ತಿದೀನಿ, ಹಿಮ ಬಿದ್ದ ವರ್ಷ ಹತ್ತಿದೀನಿ. ಇವತ್ತು ಇದ್ದಕ್ಕಿದ್ದಂಗೆ ನನ್ನ ಪ್ರಾಣದ ಮೇಲೆ ನಿನಗೆ ಕಾಳಜಿ ಬಂತಾ?"

"ಕಿರುಚಬೇಡ. ಜನ ಪ್ರಾರ್ಥನೆ ಮಾಡ್ತಿದಾರೆ."

"ಮಾಡ್ಲಿ. ನಿನ್ನ ಹೆಸರಲ್ಲೂ ಒಂದು ಮಾಡ್ಲಿ. ಕತ್ತೆ ತರ ಬಾಗಿಲಿಗೆ ಅಡ್ಡ ನಿಂತಿದೀಯಲ್ಲ, ನಾಚಿಕೆ ಆಗಲ್ವಾ?"

ಕತ್ತೆ ಅನ್ನುವ ಮಾತಿಗೆ ಗೆಬ್ಹಾರ್ಡನ ಕೈ ಚಿಲಕದಿಂದ ತಾನಾಗಿ ಜಾರಿತು. ಅದಕ್ಕೇ ಕಾದಿದ್ದವಳಂತೆ ಅವಳು ಭುಜದಿಂದ ಅವನನ್ನು ಪಕ್ಕಕ್ಕೆ ನೂಕಿ ಸುರುಳಿ ಮೆಟ್ಟಿಲಿನ ಕತ್ತಲೆಗೆ ನುಗ್ಗಿದಳು. ಅರವತ್ತೆಂಟು ವರ್ಷದ ಹೆಂಗಸು. ಬ್ರೆಡ್ಡಿನ ಅಂಗಡಿಯಲ್ಲಿ ಮೂವತ್ತು ವರ್ಷ ನಿಂತು ಕಾಲು ಕೆಡಿಸಿಕೊಂಡವಳು, ಈಗಲೂ ವಾರಕ್ಕೆ ಎರಡು ದಿನ ನಿಲ್ಲುತ್ತಾಳೆ. ಸತ್ತ ಗಂಡನ ಹುಟ್ಟಿದ ದಿನ, ನವೆಂಬರಿನ ಈ ತಾರೀಕು, ವರ್ಷಕ್ಕೊಮ್ಮೆ ತಪ್ಪದೆ ದೊಡ್ಡ ಚರ್ಚಿಗೆ ಬರುತ್ತಾಳೆ. ಕಲ್ಲುಕೆಲಸದವರ ಮೇಸ್ತ್ರಿಯಾದ ಗೆಬ್ಹಾರ್ಡ್ ಬೀಗ ತೆಗೆದು ಅವಳನ್ನು ಮೇಲೆ, ಚಾವಣಿಯ ಮಟ್ಟದಲ್ಲಿ ದಕ್ಷಿಣ ಗೋಪುರ ಶುರುವಾಗುವ ಕಡೆಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಒಂದು ಸಣ್ಣ ಶಿಖರದ ತುದಿಗೆ ಕೆಂಪು ಮರಳುಗಲ್ಲಿನ ಮೊಗ್ಗಿದೆ, ಸುತ್ತ ಎಲೆ ಸುರುಳಿಕೊಂಡ, ಎದೆಮಟ್ಟದ ಮೊಗ್ಗು. ಅದರ ಬೆನ್ನಿಗೆ ಹಕ್ಕಿಯ ಕಾಲಿನಂಥ ಮೂರು ಗೆರೆಯ ಗುರುತು, ಅವಳ ಗಂಡ ಫ್ರಿಡೊಲಿನ್ ತಾನು ಕಡೆದ ಕಲ್ಲಿಗೆಲ್ಲ ಹಾಕುತ್ತಿದ್ದ ಗುರುತು. ಅವಳು ಕರವಸ್ತ್ರದಿಂದ ಪಾರಿವಾಳದ ಹಿಕ್ಕೆ ಒರೆಸುತ್ತಾಳೆ, ಆ ಮೂರು ಗೆರೆಯ ಮೇಲೆ ಬೆರಳಿಡುತ್ತಾಳೆ, ಹತ್ತು ನಿಮಿಷ ನಿಂತು ಇಳಿಯುತ್ತಾಳೆ. ಅಷ್ಟೇ. ಆ ಮೊಗ್ಗು ಈಗ ಅಲ್ಲಿಲ್ಲ. ಮಂಗಳವಾರ ಕೆಳಗಿಳಿಸಿ ಅಂಗಳದಲ್ಲಿ ತಾಡಪಾಲು ಮುಚ್ಚಿ ಇಟ್ಟಿದ್ದಾರೆ. ಇವತ್ತು ಶನಿವಾರ. ನಾಲ್ಕು ದಿನದಲ್ಲಿ ಅವಳ ಮನೆಗೆ ಹೋಗಿ ಒಂದು ಮಾತು ಹೇಳಲು ಅವನಿಗೆ ಪುರುಸೊತ್ತಾಗಲಿಲ್ಲ ಎಂದರೆ ಅದು ಸುಳ್ಳು. ಎರಡು ಸಲ ಅವಳ ಬೀದಿಯ ತಿರುವಿನ ತನಕ ಹೋಗಿ ವಾಪಸು ಬಂದಿದ್ದ.

ಅವನು ಹಿಂದೆ ಹತ್ತಿದ. ಕಣ್ಣಿನ ಎದುರಿಗೆ ಅವಳ ಹಿಮ್ಮಡಿಗಳು, ತೇಪೆ ಹಾಕಿದ ಉಣ್ಣೆಯ ಕಾಲುಚೀಲ, ಅದಕ್ಕೆ ಹಾಕಿದ ದಾರ ಬೇರೆ ಬಣ್ಣದ್ದು. ಎಷ್ಟೋ ನೂರು ವರ್ಷದ ಕಾಲುಗಳು ನಡುವೆ ಸವೆಸಿದ ಮೆಟ್ಟಿಲಿನ ಮೇಲೆ ಆ ಹಿಮ್ಮಡಿಗಳು ಸಿಟ್ಟಿನಿಂದ ಬೀಳುತ್ತಿದ್ದವು. ಎಲ್ಲಿಯಾದರೂ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ, ಆಗ ಹೇಳಿಬಿಡುತ್ತೇನೆ ಅಂದುಕೊಂಡ. ಅವಳು ನಿಲ್ಲಲಿಲ್ಲ. ಅವನಿಗೇ ಏದುಸಿರು ಬಂತು. ಐವತ್ತಾರು ವರ್ಷ, ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವವನು, ಫ್ರಿಡೊಲಿನನ ಎದೆ ತಿಂದ ಕಲ್ಲಿನ ಕೆಂಪು ಧೂಳು ಅವನ ಎದೆಯೊಳಗೂ ಇದೆ, ಎಲ್ಲರ ಎದೆಯೊಳಗೂ ಇದೆ. ಗೋಡೆಯ ಸೀಳುಕಿಂಡಿಯಿಂದ ಬೆಳಕು ಬಿದ್ದಾಗ ಅವಳ ಬೆನ್ನು ಕಾಣುತ್ತಿತ್ತು, ಮತ್ತೆ ಕತ್ತಲೆ. ಮಂಗಳವಾರವೂ ಹೀಗೇ ಬೆಳಕು ಓರೆಯಾಗಿ ಬಿದ್ದಿತ್ತು, ಅಂಗಳದಲ್ಲಿ, ಕೆಳಗಿಳಿಸಿದ ಮೊಗ್ಗಿನ ಮೇಲೆ. ಚರ್ಚಿನ ಹೊಸ ವಾಸ್ತುಶಿಲ್ಪಿ ಡಾಕ್ಟರ್ ರೀಡ್ಲಿನ್ ಮಂಡಿಯೂರಿ ಕೂತು, ಉಗುರು ಹಾಕಿ ಕಲ್ಲಿನ ಒಂದು ಪದರವನ್ನು ಎತ್ತಿದಳು. ಅದು ಹಳೆಯ ಪುಸ್ತಕದ ರಟ್ಟಿನಂತೆ ಕೈಗೆ ಬಂತು. "ಕಲ್ಲನ್ನ ನಿಲ್ಲಿಸಿ ಕಡೆದಿದಾನಲ್ರೀ. ಯಾರಿದು ಈ ಕತ್ತೆ?" ಅಂದಳು.

ಕಲ್ಲಿಗೂ ಮಲಗುವ ರೀತಿ ಉಂಟು. ನೆಲದೊಳಗೆ ಪದರದ ಮೇಲೆ ಪದರ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಿಸಬೇಕು. ಎತ್ತಿ ನಿಲ್ಲಿಸಿದರೆ ಪದರದ ಸಂದಿಗೆ ನೀರಿಳಿಯುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ, ಒಂದೊಂದೇ ಹಾಳೆ ಬಿಚ್ಚಿಕೊಳ್ಳುತ್ತದೆ. ಗಣಿಯವರು ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕಳಿಸುವುದೇ ಇದಕ್ಕಾಗಿ. ಮೊದಲ ವಾರ ಕೆಲಸಕ್ಕೆ ಬಂದವನಿಗೂ ಗೊತ್ತಿರುವ ಸಂಗತಿ. ಡಾಕ್ಟರ್ ರೀಡ್ಲಿನ್ ಬೆನ್ನಿನ ಗುರುತನ್ನು ನೋಡಿ, ಗುರುತುಗಳ ಹಳೆಯ ಪಟ್ಟಿ ತರಿಸಿ, ಬೆರಳು ಇಳಿಸುತ್ತ ಹೋಗಿ ಫ್ರಿಡೊಲಿನನ ಹೆಸರಿನ ಹತ್ತಿರ ನಿಂತಳು. ಇವನದು ಇನ್ನೆಷ್ಟಿವೆ ಅಂತ ಕೇಳಿದಳು. ನಲವತ್ತೊಂದು, ಎಲ್ಲವೂ ಉತ್ತರ ಗೋಪುರದಲ್ಲಿ. ಎಲ್ಲವನ್ನೂ ತಟ್ಟಿ ನೋಡಿ, ಅನುಮಾನ ಬಂದದ್ದನ್ನು ಕಿತ್ತು ಬದಲಾಯಿಸಿ ಅಂದಳು. ಆಗ ಆನ್ಸೆಲ್ಮ್ ಉಳಿಗೆ ಸಾಣೆ ಕೊಡುತ್ತಿದ್ದವನು, ತಲೆಯೆತ್ತದೆ, "ಬೆಳಿಗ್ಗೆ ಬೆಳಿಗ್ಗೆಯೇ ಬಿಯರ್ ಹಾಕಿದ್ರೆ ಕಲ್ಲಿನ ತಲೆ ಯಾವುದು ತಳ ಯಾವುದು ಗೊತ್ತಾಗಲ್ಲ ಮೇಡಂ" ಅಂದ. ಎಲ್ಲರೂ ನಕ್ಕರು. ಫ್ರಿಡೊಲಿನ್ ಬಿಯರ್ ಮುಟ್ಟುತ್ತಿರಲಿಲ್ಲ. ಅದನ್ನು ಬಲ್ಲವನು ಅಲ್ಲಿ ಒಬ್ಬನೇ ಇದ್ದ. ಅವನೂ ನಕ್ಕ. ಯಾಕೆ ನಕ್ಕೆ ಎಂದು ನಾಲ್ಕು ದಿನದಿಂದ ಕೇಳಿಕೊಳ್ಳುತ್ತಿದ್ದಾನೆ. ಎಲ್ಲರೂ ನಗುವಾಗ ಒಬ್ಬ ಸುಮ್ಮನಿದ್ದರೆ ಅವನ ಮುಖ ನೋಡುತ್ತಾರೆ, ಅದಕ್ಕೆ. ಬೇರೆ ಕಾರಣ ಏನೂ ಇಲ್ಲ.

ಮೇಲಿನಿಂದ ಅವಳ ಕೆಮ್ಮು ಕೇಳಿತು. ಒಂದು ಕ್ಷಣ ಅದು ಫ್ರಿಡೊಲಿನನ ಕೆಮ್ಮಿನಂತೆ ಕೇಳಿಸಿ ಅವನ ಕಾಲು ನಿಂತಿತು. ಅವನ ಕಡೆಯ ಚಳಿಗಾಲದಲ್ಲಿ ಕಲ್ಲುಕೆಲಸದ ಕೊಟ್ಟಿಗೆಯ ತುಂಬ ಆ ಕೆಮ್ಮೊಂದೇ ಇತ್ತು. ಸುತ್ತಿಗೆಗಳ ಸದ್ದಿನ ನಡುವೆಯೂ ಅದು ಬೇರೆಯಾಗಿ ಕೇಳುತ್ತಿತ್ತು. ಕೆಲಸ ಬಿಡುವವನು ಕಡೆಯ ಒಂದು ಕಲ್ಲನ್ನು ತಾನೇ ಆರಿಸಿ, ತಾನೇ ಕಡೆದು, ಗುರುತು ಹಾಕಿ ಹೋಗುವುದು ಅಲ್ಲಿನ ಪದ್ಧತಿ. ಆ ಕಲ್ಲು ಗೋಡೆಗೆ ಏರುವ ದಿನ ಅವನ ಹೆಂಡತಿ ಮಕ್ಕಳನ್ನು ಕರೆಸಿ ಮೇಲೆ ಹತ್ತಿಸಿ ತೋರಿಸುತ್ತಾರೆ. ಫ್ರಿಡೊಲಿನ್ ಮೊಗ್ಗನ್ನು ಆರಿಸಿಕೊಂಡ. ಬುರ್ಗಿಯ ತೋಟದಿಂದ ಸುರುಟು ಕೋಸಿನ ಒಂದು ಎಲೆ ಕಿತ್ತು ತಂದು ಎದುರಿನ ಹಲಗೆಗೆ ಮೊಳೆ ಹೊಡೆದ. ಎರಡು ದಿನ ಸುತ್ತಿಗೆ ಎತ್ತಿದ. ಮೂರನೆಯ ದಿನ ಎತ್ತಲಿಲ್ಲ. ಎದುರಿನ ಎಲೆಯನ್ನು ನೋಡುತ್ತ ಮುಕ್ಕಾಲಿಯ ಮೇಲೆ ಕೂತೇ ಇದ್ದ. ಎಲೆ ಬಾಡಿತು, ಒಣಗಿತು. ಉಳಿದವರು ಕಂಡೂ ತಮ್ಮ ತಮ್ಮ ಕಲ್ಲಿನ ಕಡೆ ತಿರುಗಿಕೊಂಡರು. ಗೆಬ್ಹಾರ್ಡನಿಗೆ ಆಗ ಮೂವತ್ತನಾಲ್ಕು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಊಟ ಬಿಟ್ಟು ಆ ಮೊಗ್ಗನ್ನು ಕಡೆಯತೊಡಗಿದ. ಫ್ರಿಡೊಲಿನ್ ಕಡೆದಷ್ಟು ಭಾಗದಲ್ಲಿ ಒಂದು ಬಿರುಕು ಕಂಡು ಗೆಬ್ಹಾರ್ಡ್ ಆ ಬಂಡೆಯನ್ನು ಬಿಟ್ಟು ಬೇರೆ ಬಂಡೆ ಎಳೆದುಕೊಂಡಿದ್ದ. ಎತ್ತರ ಸಾಲದ್ದಕ್ಕೆ ಅದನ್ನು ಎತ್ತಿ ನಿಲ್ಲಿಸಿಕೊಂಡ. ಸೀಮೆಸುಣ್ಣದ ಗೆರೆ ಒರೆಸಿಹೋಗಿತ್ತು. ಅಥವಾ ಇತ್ತು, ಅವನು ನೋಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಗೆರೆ ಅವನ ನೆನಪಿನಲ್ಲಿ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ಐದನೆಯ ದಿನ ಉಳಿಯ ಕೆಳಗೆ ಒಂದು ಚಕ್ಕೆ ಕಾಗದದಂತೆ ಎದ್ದಾಗ ಮಾತ್ರ ಖಂಡಿತ ಗೊತ್ತಾಯಿತು. ಮತ್ತೆ ಮೊದಲಿಂದ ಶುರುಮಾಡಿ ಮುಗಿಸಲು ಮೂರು ವಾರ ಬೇಕಿತ್ತು. ಫ್ರಿಡೊಲಿನನ ಹತ್ತಿರ ಮೂರು ವಾರ ಇರಲಿಲ್ಲ. ಗೆಬ್ಹಾರ್ಡ್ ಕಡೆದು ಮುಗಿಸಿದ, ಬೆನ್ನಿಗೆ ಹಕ್ಕಿಕಾಲು ಕೊರೆದ. ಇನ್ನೊಬ್ಬನ ಗುರುತು ಕೊರೆಯುವವನ ಕೈಯಿಂದ ಆ ಕೊಟ್ಟಿಗೆಯಲ್ಲಿ ಯಾರೂ ಉಪ್ಪನ್ನೂ ತೆಗೆದುಕೊಳ್ಳುವುದಿಲ್ಲ. ಕೊರೆದಿದ್ದ. ಆಮೇಲೆ ಬುರ್ಗಿ ಬಂದು ಎಲೆಯ ಮೇಲೆ ಕೈಯಾಡಿಸಿ, "ನೋಡೋ ಗೆಬ್ಹಾರ್ಡ್, ಈ ನರ ನೋಡು, ನಮ್ಮ ತೋಟದ್ದೇ ಕೋಸು" ಅಂದಳು. ಹ್ಞೂ ಅಂದ. ಮರುವರ್ಷವೂ ಅಂದಳು, ಹ್ಞೂ ಅಂದ. ಆ ನರವನ್ನು ಅವನು ಒಂದು ಹಳೆಯ ಸುಣ್ಣದ ಅಚ್ಚು ನೋಡಿ ಕಡೆದಿದ್ದ. ಅದು ಯಾವ ಗಿಡದ ಎಲೆಯೋ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮೇಲಿನ ಬಾಗಿಲು ತೆರೆದು ಗಾಳಿ ಮುಖಕ್ಕೆ ರಾಚಿತು. ಅವಳು ಆಗಲೇ ಅಟ್ಟಣಿಗೆಯ ಹಲಗೆಯ ಮೇಲೆ ನಿಂತಿದ್ದಳು. ತಲೆಗೆ ಕಟ್ಟಿದ ಬಟ್ಟೆ ಪಟಪಟ ಬಡಿಯುತ್ತಿತ್ತು. ಶಿಖರದ ತುದಿ ಇರಬೇಕಾದಲ್ಲಿ ಒಂದು ಕಬ್ಬಿಣದ ಸಲಾಕೆ ಬೋಳಾಗಿ ಎದ್ದು ನಿಂತಿತ್ತು. ಅವಳು ಅಳಲಿಲ್ಲ. ಕರವಸ್ತ್ರ ಕೈಯಲ್ಲೇ ಇತ್ತು. ಒರೆಸುವುದಕ್ಕೆ ಏನೂ ಇರಲಿಲ್ಲ.

"ಸೀಳಿದೆ ಅಲ್ವಾ?" ಅಂದಳು.

ಅವನು ಅವಳ ಮುಖ ನೋಡಿದ.

"ನನಗೆ ಹೆಂಗೆ ಗೊತ್ತು ಅಂತ ನೋಡ್ತಿದೀಯಾ? ಆನ್ಸೆಲ್ಮನ ಹೆಂಡತಿ ಗುರುವಾರ ಅಂಗಡಿಗೆ ಬಂದಿದ್ಲು. ಕಪ್ಪು ಬ್ರೆಡ್ಡು, ಚಿಕ್ಕದು ಸಾಕು ಅಂದ್ಲು. ಅದೇ ಬಾಯಲ್ಲಿ, ನಿಮ್ಮ ಯಜಮಾನ್ರ ಕಲ್ಲೆಲ್ಲ ಕೀಳ್ತಾರಂತೆ, ನಲವತ್ತೊಂದೂ, ಅಂದ್ಲು. ಅಂಗಡಿ ತುಂಬ ಜನ. ನಾನೇನಂದೆ ಗೊತ್ತಾ? ತೆಳ್ಳಗೆ ಕೊಯ್ಯಲಾ ದಪ್ಪಗೆ ಕೊಯ್ಯಲಾ ಅಂದೆ."

"ಬುರ್ಗಿ, ನಾನೇ ಬಂದು ಹೇಳ್ಬೇಕು ಅಂತಿದ್ದೆ."

"ಬರಲಿಲ್ಲ. ಬುಧವಾರ ಕಿಟಕೀಲಿ ನೋಡ್ದೆ. ತಿರುವಿನ ತನಕ ಬಂದು, ಮೂಗು ಒರೆಸ್ಕೊಂಡು, ವಾಪಸ್ ಹೋದೆ. ಕಾಫಿಗೆ ನೀರು ಇಟ್ಟಿದ್ದೆ ನಾನು."

ಅವನಿಗೆ ಕಿವಿಯ ತನಕ ಬಿಸಿಯಾಯಿತು. ಅವಳು ನೋಡಿದ್ದಳು ಎಂಬುದಕ್ಕಿಂತ, ಮೂಗು ಒರೆಸಿಕೊಂಡದ್ದನ್ನು ನೋಡಿದ್ದಳು ಎಂಬುದು ಹೆಚ್ಚು ಚುಚ್ಚಿತು. ಇಂಥ ಹೊತ್ತಿನಲ್ಲೂ ಮನಸ್ಸು ಇಂಥದ್ದನ್ನೇ ಹಿಡಿದುಕೊಳ್ಳುತ್ತದಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಹದಿನಾಲ್ಕು ವರ್ಷ ಅವನ ಪಕ್ಕದಲ್ಲಿ ಕೆಲಸ ಮಾಡ್ದೋನು ನೀನು. ಅವನು ಕಲ್ಲು ನಿಲ್ಲಿಸೋನಾ? ಹೇಳು. ಆ ಡಾಕ್ಟರಮ್ಮ ಬಾಯಿಗೆ ಬಂದಂಗೆ ಅಂದಾಗ ನೀನೆಲ್ಲಿದ್ದೆ?"

"ಅಲ್ಲೇ ಇದ್ದೆ."

"ಅಲ್ಲೇ ಇದ್ದು?"

ಅವನು ಕಬ್ಬಿಣದ ಸಲಾಕೆಯನ್ನು ಹಿಡಿದುಕೊಂಡ. ಅದು ಕೈ ಕಚ್ಚುವಷ್ಟು ತಣ್ಣಗಿತ್ತು.

"ನಡಿ ಕೆಳಗೆ," ಅಂದಳು ಬುರ್ಗಿ. ದನಿ ಇಳಿದಿತ್ತು, ಅದು ಸಿಟ್ಟಿಗಿಂತ ಕಷ್ಟವಾಗಿತ್ತು. "ನನ್ನ ಜೊತೆ ಬಾ. ಅವಳ ಎದುರು ನಿಂತು ಒಂದು ಮಾತು ಹೇಳು ಸಾಕು. ಈ ಕಲ್ಲು ಹೋದ್ರೆ ಹೋಗ್ಲಿ ಗೆಬ್ಹಾರ್ಡ್. ಆದ್ರೆ ಅವನು ಅಡ್ಡಕಸುಬಿ ಅಂತ ಬರೆದು ಇಡಬಾರದು. ಅವನಿಗೆ ಬೇರೆ ಏನಿತ್ತು? ಮಕ್ಕಳಿಲ್ಲ, ಸ್ವಂತ ಮನೆ ಇಲ್ಲ. ಕೆಲಸ ಒಂದಿತ್ತು. ಫ್ರಿಡೊಲಿನ್ ಈ ತಪ್ಪು ಮಾಡೋನಲ್ಲ ಅಂತ ಹೇಳು."

"ಅವನು ಮಾಡ್ಲಿಲ್ಲ."

"ಅದನ್ನೇ ಹೇಳು ಅಂತಿರೋದು."

"ನಾನು ಮಾಡಿದ್ದು."

ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಅವನು ಇಷ್ಟು ವರ್ಷ ನಂಬಿದ್ದ. ಏನೂ ಹಗುರವಾಗಲಿಲ್ಲ. ಅವಳಿಗೆ ಅರ್ಥವೂ ಆಗಲಿಲ್ಲ, ಹುಬ್ಬು ಗಂಟಿಕ್ಕಿ ಕಿವಿಯ ಬಟ್ಟೆ ಸರಿಸಿದಳು, ಗಾಳಿಗೆ ಸರಿಯಾಗಿ ಕೇಳಲಿಲ್ಲವೇನೋ ಎಂಬಂತೆ. ಅವನು ಇನ್ನೊಮ್ಮೆ, ಜೋರಾಗಿ, ಕೊಟ್ಟಿಗೆಯಲ್ಲಿ ಆಳಿಗೆ ಕೂಗಿ ಹೇಳುವಂತೆ ಹೇಳಬೇಕಾಯಿತು. ಅವನ ಕೈ ಏಳ್ತಿರಲಿಲ್ಲ, ಊಟದ ಹೊತ್ತಲ್ಲಿ ನಾನು ಕಡೆದೆ, ನನ್ನ ಕೈಲಿ ತಪ್ಪಾಯ್ತು. ಅವಳು ನಿಧಾನವಾಗಿ, ಲೆಕ್ಕ ಒಪ್ಪಿಸಿಕೊಳ್ಳುವವಳಂತೆ ಕೇಳಿದಳು.

"ಗುರುತು?"

"ಅದೂ ನಾನೇ."

"ಎಲೆ?"

ಅವನು ಸಲಾಕೆಯ ತುಕ್ಕನ್ನು ಹೆಬ್ಬೆರಳಿನಿಂದ ಉಜ್ಜಿದ.

"ಎಲೆ, ಗೆಬ್ಹಾರ್ಡ್. ನರ. ಅದು ನಮ್ಮ ಕೋಸಿಂದು ಅಲ್ವಾ?"

"ಅಲ್ಲ."

ಅವಳು ಹಲಗೆಯ ಮೇಲೆ ಎರಡು ಹೆಜ್ಜೆ ಅತ್ತ ಹೋದಳು, ಅಲ್ಲಿ ಹೋಗಲು ಜಾಗವಿಲ್ಲದೆ ಮತ್ತೆ ಇತ್ತ ಬಂದಳು. "ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲೇ ನಿಂತು ಹ್ಞೂ ಅಂದೆ. ನಾನು ನಿನ್ನ ಕೈಗೆಲಸದ ಮೇಲೆ ಬೆರಳಿಟ್ಟು ನಿಂತಿದ್ರೆ, ನೀನು ಹಿಂದೆ ಟೋಪಿ ಕೈಲಿ ಹಿಡ್ಕೊಂಡು ನೋಡ್ತಿದ್ದೆ. ಏನನ್ಸುತ್ತಿತ್ತು ನಿನಗೆ? ನಗು ಬರ್ತಿತ್ತಾ?"

"ನಗು ಬರ್ತಿತ್ತು ಅಂತೀಯಾ? ನಾನು ಅವನಿಗೋಸ್ಕರ ಮಾಡಿದ್ದು! ಊಟ ಬಿಟ್ಟು ಮಾಡಿದ್ದು!"

"ಅವನು ಕೇಳಿದ್ನಾ?"

"ಬೇಡ ಅನ್ನಲಿಲ್ಲ."

"ನಿಂತಿರೋ ಕಲ್ಲಿಗೆ ಗುರುತು ಹಾಕು ಅಂದ್ನಾ? ಸುಳ್ಳು. ಅವನು ಕಣ್ಣಲ್ಲಿ ನೋಡಿದ್ರೆ ಅಲ್ಲೇ ಸುತ್ತಿಗೆ ತಗೊಂಡು ಒಡೀತಿದ್ದ. ಮಾಡೋದು ನೀನು, ಹಾಕೋದು ಸತ್ತೋನ ತಲೆ ಮೇಲೆ. ಹೇಡಿ. ಹೇಡಿ ನನ್ಮಗನೇ."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಹೇಡಿ ಎಂಬುದು ನಿಜವೇ ಆಗಿತ್ತು. ಅದನ್ನು ಹೊತ್ತುಕೊಂಡು ಕೆಳಗಿಳಿದು, ಡಾಕ್ಟರ್ ರೀಡ್ಲಿನಳ ಎದುರು ನಿಂತು, ಫ್ರಿಡೊಲಿನನ ಹೆಸರನ್ನು ತೊಳೆದು ಕೊಟ್ಟಿದ್ದರೆ ಬುರ್ಗಿ ಇನ್ನೊಂದು ವಾರಕ್ಕೋ ಇನ್ನೊಂದು ವರ್ಷಕ್ಕೋ ಬೈಯುವುದಕ್ಕಾದರೂ ಬರುತ್ತಿದ್ದಳು. ಆದರೆ ನಿಜವಾದ ಬೈಗುಳಕ್ಕೇ ಮನುಷ್ಯನಿಗೆ ಸಿಟ್ಟು ಬರುವುದು. ಅವನ ಕಣ್ಣಿನ ಮುಂದೆ ಆ ಮಧ್ಯಾಹ್ನ ಬಂತು. ಫ್ರಿಡೊಲಿನ್ ಮುಕ್ಕಾಲಿಯಿಂದ ಎದ್ದು, ಬೆಂಚು ಹಿಡಿದುಕೊಂಡು, ಮುಗಿದ ಮೊಗ್ಗಿನ ಹತ್ತಿರ ಬಂದು, ಅದರ ಪಕ್ಕೆಯನ್ನು ದನದ ಪಕ್ಕೆ ಸವರುವಂತೆ ಸವರಿದ್ದ. ಬೆರಳು ಒಂದು ಕಡೆ ನಿಂತಿತು. ಗೆಬ್ಹಾರ್ಡನ ಮುಖ ನೋಡಿದ. ಗೆಬ್ಹಾರ್ಡ್ ನೆಲ ನೋಡಿದ. ಆಗ ಅವನು ಒಂದು ಮಾತು ಹೇಳಿದ್ದ.

"ನೋಡಿದ್ದ," ಅಂದ ಗೆಬ್ಹಾರ್ಡ್. "ಕೈಯಿಟ್ಟು ನೋಡಿದ್ದ. ಇಪ್ಪತ್ತು ವರ್ಷ ನಿಲ್ಲುತ್ತೆ ಬಿಡು ಅಂದ. ಅಷ್ಟರಲ್ಲಿ ಬುರ್ಗಿ ಮರೆತಿರ್ತಾಳೆ ಅಂದ. ಸಾಕಾ ಈಗ?"

ಗಾಳಿ ಬೀಸುತ್ತಲೇ ಇತ್ತು. ಕೆಳಗೆ ಚರ್ಚಿನೊಳಗೆ ಯಾರೋ ಆರ್ಗನ್ನಿನ ಒಂದೇ ಸ್ವರವನ್ನು ಒತ್ತಿ ಒತ್ತಿ ಶ್ರುತಿ ನೋಡುತ್ತಿದ್ದರು. ಅವಳ ಮುಖದಲ್ಲಿ ಅವನು ಕಾದಿದ್ದ ಯಾವುದೂ ಕಾಣಲಿಲ್ಲ. ಸಿಟ್ಟು ಹೋಗಿತ್ತು, ಅದರ ಜಾಗಕ್ಕೆ ಬೇರೆ ಏನೂ ಬಂದಿರಲಿಲ್ಲ.

"ಮರೆತಿರ್ತಾಳೆ ಅಂದ್ನಾ?" ಎಂದು ಒಮ್ಮೆ ಕೇಳಿದಳು. ಅವನನ್ನು ಕೇಳಿದಂತಿರಲಿಲ್ಲ.

ಫ್ರಿಡೊಲಿನ್ ಅದನ್ನು ಹೇಳುವಾಗ ನಗುತ್ತಿದ್ದ. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಕಣ್ಣಲ್ಲಿ ನೀರು ಬಂದಿತ್ತು. ನೀರು ಕೆಮ್ಮಿಗೆ ಬಂತೋ ಮಾತಿಗೆ ಬಂತೋ ಗೆಬ್ಹಾರ್ಡನಿಗೆ ಆಗಲೂ ಗೊತ್ತಾಗಿರಲಿಲ್ಲ. ಮರೆಯಲಿ ಪಾಪ, ಎಂಬ ಅರ್ಥವಿತ್ತೋ ಏನೋ. ಇನ್ನೂ ನಲವತ್ತಾರು ವರ್ಷದ ಹೆಂಡತಿ, ಇನ್ನೊಂದು ಮನೆ ಮಾಡಿಕೊಳ್ಳಲಿ ಎಂಬ ಆಸೆ ಇತ್ತೋ ಏನೋ. ಇದನ್ನೆಲ್ಲ ಹೇಳಬೇಕು, ಮಾತನ್ನಷ್ಟೇ ಕೊಟ್ಟು ನಗುವನ್ನು ಇಟ್ಟುಕೊಂಡರೆ ಅದು ಇನ್ನೊಂದು ಮೋಸ ಎಂದು ಅವನಿಗೆ ಗೊತ್ತಾಯಿತು. "ಬುರ್ಗಿ, ಅವನು ಹೇಳಿದ್ದು ಹಂಗಲ್ಲ, ಅವನು..." ಅಂದ. ಹೇಗೆ ಎಂದು ಹೇಳಲು ಹೋದರೆ ಬಾಯಿಗೆ ಕೆಮ್ಮಿನ ಸದ್ದು ಬಿಟ್ಟರೆ ಬೇರೆ ಬರಲಿಲ್ಲ.

ಅವಳು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿದಳು. "ಅವನ ಮೇಲೆ ಬರೆದಿರೋದನ್ನ ಹೊಡೆಸಿಹಾಕು," ಅಂದಳು. "ಅದು ನಿನ್ನ ಕೆಲಸ. ನನ್ನ ಹಿಂದೆ ಬರಬೇಡ."

ಮೆಟ್ಟಿಲಿನ ಬಾಗಿಲು ಅವಳನ್ನು ನುಂಗಿತು. ಹತ್ತುವಾಗಿನ ಸಿಟ್ಟಿನ ಹೆಜ್ಜೆಗಳಲ್ಲ, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ ಇಳಿಯುವ ಮುದುಕಿಯ ಹೆಜ್ಜೆಗಳು ಬಹಳ ಹೊತ್ತು ಕೇಳಿದವು. ಅವನು ಅವಳು ಹೇಳಿದಂತೆಯೇ ಅಂದು ಮಧ್ಯಾಹ್ನ ಡಾಕ್ಟರ್ ರೀಡ್ಲಿನಳ ಕೋಣೆಗೆ ಹೋಗುತ್ತಾನೆ, ಟೋಪಿ ತೆಗೆದು ಎಲ್ಲವನ್ನೂ ಹೇಳುತ್ತಾನೆ. ಅವಳು ಬೈಯುತ್ತಾಳೆ, ಕೆಲಸದಿಂದ ತೆಗೆಯುತ್ತಾಳೆ ಅಂದುಕೊಂಡರೆ, ಅವಳು ಕನ್ನಡಕದ ಮೇಲಿಂದ ನೋಡಿ, "ಮೊದಲೇ ಹೇಳಬಾರದಿತ್ತೇನ್ರೀ, ಒಂದು ವಾರದ ಕೆಲಸ ದಂಡ" ಎಂದು ಫ್ರಿಡೊಲಿನನ ಹೆಸರಿನ ಮೇಲೆ ಒಂದು ಗೆರೆ ಎಳೆದು ಇವನ ಹೆಸರು ಬರೆಯುತ್ತಾಳೆ. ಅಷ್ಟೇನಾ ಎಂದು ಇವನು ಕೇಳುತ್ತಾನೆ. ಅಷ್ಟೇ, ಹೋಗುವಾಗ ಬಾಗಿಲು ಎಳೆದುಕೊಳ್ಳಿ, ಅನ್ನುತ್ತಾಳೆ. ಫ್ರಿಡೊಲಿನನ ಕಲ್ಲುಗಳು ಎಲ್ಲಿದ್ದವೋ ಅಲ್ಲೇ ಉಳಿಯುತ್ತವೆ, ಉತ್ತರ ಗೋಪುರದ ಎತ್ತರದಲ್ಲಿ, ಯಾವ ಹೆಂಡತಿಯೂ ಹತ್ತಿ ಮುಟ್ಟಲಾಗದ ಕಡೆ. ಬುರ್ಗಿ ಮರುವರ್ಷ ಬರುವುದಿಲ್ಲ, ಅದರ ಮರುವರ್ಷವೂ ಇಲ್ಲ. ಬ್ರೆಡ್ಡಿನ ಅಂಗಡಿಗೆ ಹೋದರೆ ಒಳಗಿನಿಂದ ಬೇರೆ ಹೆಂಗಸು ಬಂದು ಏನು ಬೇಕು ಎಂದು ಕೇಳುತ್ತಾಳೆ.

ಅದೆಲ್ಲ ಮುಂದಿನದು. ಈಗ ಮೆಟ್ಟಿಲಿನ ಹೆಜ್ಜೆಗಳು ನಿಂತವು. ಅವನು ಅಟ್ಟಣಿಗೆಯ ಅಂಚಿಗೆ ಹೋಗಿ ಬಗ್ಗಿದ. ಕೆಳಗೆ ಚೌಕದಲ್ಲಿ ಶನಿವಾರದ ಸಂತೆ, ಕುಂಬಳಕಾಯಿಯ ರಾಶಿ, ಕೋಸಿನ ಬುಟ್ಟಿಗಳು, ಬಿಸಿ ಸಾಸೇಜಿನ ಹೊಗೆ. ದಕ್ಷಿಣದ ಬಾಗಿಲಿನಿಂದ ಬೂದು ಕೋಟಿನ ಒಬ್ಬ ಹೆಂಗಸು ಹೊರಗೆ ಬಂದಳು, ತಲೆಗೆ ಬಟ್ಟೆ ಕಟ್ಟಿದ್ದಳು. ಅವನು ಎರಡೂ ಕೈಯಲ್ಲಿ ಸಲಾಕೆ ಹಿಡಿದು ಅವಳನ್ನೇ ನೋಡಿದ. ಅವಳು ಗಾಡಿಗಳ ನಡುವೆ ನುಸುಳಿದಳು, ಎಲ್ಲಿಯೂ ನಿಲ್ಲಲಿಲ್ಲ, ಕಾರಂಜಿಯನ್ನು ಬಳಸಿಕೊಂಡು ಟ್ರಾಮ್ ನಿಲ್ಲುವ ಕಡೆಗೆ ನಡೆದಳು. ಒಂದು ಸಲ ತಿರುಗಿ ಮೇಲೆ ನೋಡಿದರೆ ಕೈ ಎತ್ತಬೇಕು ಅಂದುಕೊಂಡ. ಎತ್ತಿ ಏನು ಮಾಡುವುದು ಎಂದು ಯೋಚಿಸಲಿಲ್ಲ. ಟ್ರಾಮ್ ಬಂತು. ಅವಳು ಹತ್ತಿದಳು. ಅವನು ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಉಸಿರು ಬಿಟ್ಟು, ಕಣ್ಣನ್ನು ಹಿಂದಕ್ಕೆ ತಂದಾಗ, ದಕ್ಷಿಣದ ಬಾಗಿಲಿನಿಂದ ಎರಡೂ ಪಾದ ಕೂಡಿಸಿ ಮೆಟ್ಟಿಲು ಇಳಿಯುತ್ತ, ಅದೇ ಬೂದು ಕೋಟಿನಲ್ಲಿ, ಬುರ್ಗಿ ಹೊರಗೆ ಬರುತ್ತಿದ್ದಳು. ಇಷ್ಟು ಹೊತ್ತು ನೋಡಿದ್ದು ಯಾರನ್ನೋ. ಅವನು ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಜನರೊಳಗೆ ಸೇರಿಕೊಂಡಳು, ಎಲ್ಲ ತಲೆಗಳೂ ಒಂದೇ ಆದವು.